ಎರಡಂಕಣದ ಮನೆ, ಅದರ ಹೊರಗಿನ ಮನೆ

(ಬಾಗಲಕೋಟೆಯ ನವನಗರದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಕೈಟಿಪ್ಪಣಿ ಮತ್ತು ಮೊಬೈಲ್ ರೆಕಾರ್ಡಿಂಗ್ ಇಟ್ಟುಕೊಂಡು ನಾನೇ ತಿದ್ದಿ ಬರೆದಿದ್ದೇನೆ.)

ಬೀಗರ ಕತೆಯಿಂದ ಶುರು ಮಾಡುತ್ತೇನೆ. ಮನೆ ಕಟ್ಟಿ ಮೂರು ತಿಂಗಳಾಗಿತ್ತು. ಮಗಳ ಅತ್ತೆ-ಮಾವ ಜಮಖಂಡಿಯಿಂದ ನೋಡಲಿಕ್ಕೆ ಬಂದರು. ಕೈಕಾಲು ತೊಳೆದು ಒಳಗೆ ಬಂದು, ಚಾಪೆ ಮೇಲೆ ಕೂತು, ಚಹಾ ಕುಡಿದು, ಮಳೆ-ಬೆಳೆ ಎಲ್ಲ ಮಾತಾಡಿದ ಮೇಲೆ ಬೀಗತಿ ಮೆಲ್ಲಗೆ ಕೇಳಿದರು, "ಇನ್ನ ಮನಿ ತೋರಸ್ರಲ್ಲ ಅಕ್ಕಾರ." ಅವರು ಕೂತಿದ್ದೇ ಮನೆ. ಪಡಸಾಲೆ ಅಂದುಕೊಂಡಿದ್ದರು. ಹಿಂದಿನ ಬಾಗಿಲಿನ ಆಚೆ ಅಡುಗೆಮನೆ, ದೇವರ ಖೋಲಿ, ಮಲಗೋ ಖೋಲಿ ಸಾಲಾಗಿ ಇರಬೇಕು ಅಂತ ಅವರ ಲೆಕ್ಕ. ನಾನು ಎದ್ದು ಆ ಬಾಗಿಲು ತೆಗೆದೆ. ಎದುರಿಗೆ ಬದನೆ ಗಿಡ, ಅದರಾಚೆ ಬೇಲಿ, ಬೇಲಿ ಆಚೆ ಯಾರದೋ ತೊಗರಿ. ನಮ್ಮ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಆವತ್ತು ನಗು ಬರಲಿಲ್ಲ. ಈಗ ಬರುತ್ತದೆ.

ಹೊರಗಿನ ಅಳತೆ 12 ಅಡಿ, 20 ಅಡಿ. 240 ಚದರಡಿ, ಒಂದೇ ಖೋಲಿ. ಕೆರೂರಿನಿಂದ ಒಳಗೆ ಏಳು ಕಿಲೋಮೀಟರು, ನಮ್ಮವ್ವನ ಕಡೆಯಿಂದ ಬಂದ ಒಂದು ಎಕರೆ ಹತ್ತು ಗುಂಟೆ ಹೊಲ. 2021ರಲ್ಲಿ ಕಟ್ಟಿದೆವು. ಆವತ್ತಿನಿಂದ ಅಲ್ಲೇ ಇದ್ದೇವೆ, ನವನಗರದ ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ನಾನೇನು ಇಂಜಿನಿಯರ್ ಅಲ್ಲ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಅದಕ್ಕೆ ಇವತ್ತು ಸ್ವಲ್ಪ ಲೆಕ್ಕ ಜಾಸ್ತಿ ಬರುತ್ತದೆ, ಸಹಿಸಿಕೊಳ್ಳಿ.

ಇಲ್ಲಿ ಕೂತಿರುವ ಹುಡುಗರು ಟೈನಿ ಹೌಸ್ ವಿಡಿಯೋ ನೋಡಿರುತ್ತೀರಿ. ನನಗೂ ಮಗಳೇ ತೋರಿಸಿದ್ದು. ಗಾಲಿ ಮೇಲೆ ಮರದ ಮನೆ, ಮೆಟ್ಟಿಲು ಎಳೆದರೆ ಅದರೊಳಗೆ ಬಟ್ಟೆ, ಮೇಜು ಮಡಚಿದರೆ ಗೋಡೆ. ಚಂದ ಇರುತ್ತದೆ. ಆದರೆ ಆ ಗಾಲಿ ಯಾಕೆ ಬಂತು ಅಂತ ಯಾರೂ ಹೇಳುವುದಿಲ್ಲ. ಅಮೆರಿಕದ ಎಷ್ಟೋ ಊರುಗಳಲ್ಲಿ ಮನೆ ಇಷ್ಟಕ್ಕಿಂತ ಸಣ್ಣದು ಇರಬಾರದು ಅಂತ ನಿಯಮ ಇದೆ. ಗಾಲಿ ಹಚ್ಚಿದರೆ ಅದು ಮನೆ ಅಲ್ಲ, ಗಾಡಿ. ಹಾಗೆ ಆ ನಿಯಮ ತಪ್ಪಿಸಿಕೊಂಡರು. ಗಾಡಿ ಅಂದ ಮೇಲೆ ರಸ್ತೆ ಮೇಲೆ ಹೋಗಬೇಕು, ಹಾಗಾಗಿ ಅಗಲ ಎಂಟೂವರೆ ಅಡಿ ದಾಟುವ ಹಾಗಿಲ್ಲ. ಆ ಇಕ್ಕಟ್ಟಿನಿಂದ ಹುಟ್ಟಿದ್ದು ಆ ಮೆಟ್ಟಿಲೊಳಗಿನ ಕಪಾಟು. ಈಚೆಗೆ, 2018ರ ಅವರ ಕಟ್ಟಡ ನಿಯಮಾವಳಿಯಲ್ಲಿ, 400 ಚದರಡಿ ಮತ್ತು ಅದಕ್ಕಿಂತ ಸಣ್ಣ ಮನೆಗೆ ಅಂತಲೇ ಒಂದು ಅನುಬಂಧ ಸೇರಿಸಿದರು.

ಅವರೆಲ್ಲರ ಮುತ್ತಜ್ಜ ಅಂದರೆ ಅಮೆರಿಕದ ಲೇಖಕ ಥೋರೋ. 1845ರಲ್ಲಿ ಕೆರೆ ದಂಡೆಗೆ 10 ಅಡಿ, 15 ಅಡಿಯ ಒಂದು ಖೋಲಿ ಕಟ್ಟಿಕೊಂಡ. ಒಟ್ಟು ಖರ್ಚು 28 ಡಾಲರ್ 12 ಸೆಂಟು, ಮೇಲೆ ಅರ್ಧ ಸೆಂಟು. ಮೊಳೆಗೆ ಎಷ್ಟು, ಸೀಮೆಸುಣ್ಣಕ್ಕೆ ಎಷ್ಟು ಅಂತ ಬರೆದಿಟ್ಟಿದ್ದಾನೆ, ಸೀಮೆಸುಣ್ಣಕ್ಕೆ ಒಂದು ಸೆಂಟು. ಗಣಿತದ ಟೀಚರಿಗೆ ಇಂಥವರು ಇಷ್ಟ ಆಗುತ್ತಾರೆ. ಆದರೆ ಜಾಗ ಅವನ ಗೆಳೆಯ ಎಮರ್ಸನ್‌ದು. ಲೆಕ್ಕದಲ್ಲಿ ಜಾಗದ ಸಾಲೇ ಇಲ್ಲ! ಸಣ್ಣ ಮನೆಯವರು ಹೇಳುವ ಖರ್ಚಿನಲ್ಲಿ ಯಾವಾಗಲೂ ಏನೋ ಒಂದು ಹೊರಗೆ ಉಳಿದಿರುತ್ತದೆ. ಇದು ನೆನಪಿರಲಿ, ನನ್ನ ಲೆಕ್ಕಕ್ಕೆ ಬಂದಾಗ ಕೇಳಿ.

ಇನ್ನು ನಮ್ಮ ಕಡೆ ಬನ್ನಿ. ಸಣ್ಣ ಮನೆ ನಮಗೆ ಹೊಸದೇ? ನಾವು ಮನೆಯನ್ನು ಚದರಡಿಯಲ್ಲಿ ಅಳೆದವರೇ ಅಲ್ಲ, ಅಂಕಣದಲ್ಲಿ ಅಳೆದವರು. ಎರಡು ತೊಲೆ ಸಾಲಿನ ನಡುವಿನ ಜಾಗ ಒಂದು ಅಂಕಣ. ಮೂರಂಕಣದ ಮನೆ, ಐದಂಕಣದ ಮನೆ ಅಂತಿದ್ದರು. ಆ ಲೆಕ್ಕದಲ್ಲಿ ನನ್ನದು ಎರಡಂಕಣ. ಮೂರಂಕಣದಲ್ಲಿ ಒಂದು ಅಂಕಣ ದನಕ್ಕೆ, ಉಳಿದ ಎರಡರಲ್ಲಿ ಎಂಟು ಹತ್ತು ಜನ ಬಾಳಿದ ಮನೆಗಳನ್ನು ಇಲ್ಲಿರುವ ಹಿರಿಯರೆಲ್ಲ ನೋಡಿದ್ದೀರಿ. ಅಷ್ಟು ಜನ ಒಳಗೆ ಹೇಗೆ ಹಿಡಿದರು? ಹಿಡಿಯಲಿಲ್ಲ. ಅವರು ಹೊರಗಿದ್ದರು. ಗಂಡಸರು ಕಟ್ಟೆ ಮೇಲೆ, ಹೆಂಗಸರು ಹಿತ್ತಲದಲ್ಲಿ, ಮಕ್ಕಳು ಓಣಿಯಲ್ಲಿ, ಕಾಳು ನೆಲದೊಳಗಿನ ಹಗೇವಿನಲ್ಲಿ, ಬೇಸಿಗೆ ರಾತ್ರಿ ಎಲ್ಲರೂ ಮಾಳಿಗೆ ಮೇಲೆ.

ನಮ್ಮ ತವರುಮನೆ ಹಳೆ ಬಾಗಲಕೋಟೆಯಲ್ಲಿತ್ತು, ಏಳಂಕಣದ್ದು. ಆಲಮಟ್ಟಿ ಹಿನ್ನೀರಿಗೆ ಹೋಯಿತು. ನಿಮ್ಮಲ್ಲೂ ಎಷ್ಟೋ ಜನರದು ಹೋಗಿದೆ, ಅದಕ್ಕೇ ನಾವೆಲ್ಲ ಇವತ್ತು ಈ ಸೆಕ್ಟರುಗಳಲ್ಲಿ ಇದ್ದೇವೆ. ನಮ್ಮಪ್ಪ ನವನಗರಕ್ಕೆ ಬಂದ ಮೇಲೆ, ಹೊಸ ಮನೆಯಲ್ಲಿ ನಾಲ್ಕು ಖೋಲಿ ಇದ್ದರೂ, ದಿನಾ ಸಂಜೆ ಗೇಟಿನ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾ ಕೂಡುತ್ತಿದ್ದರು. "ಒಳಗ ಕೂಡ್ರಪ್ಪಾ, ಫ್ಯಾನ್ ಐತಿ" ಅಂದರೆ, "ಒಳಗ ಏನೈತಿ?" ಅನ್ನುತ್ತಿದ್ದರು. ಆಗ ಮುದುಕರ ಹಟ ಅಂದುಕೊಂಡಿದ್ದೆ. ಹೊಲದಲ್ಲಿ ಮನೆ ಕಟ್ಟಿದ ಮೇಲೆ ಗೊತ್ತಾಯಿತು, ಅವರಿಗೆ ಬೇಕಾಗಿದ್ದದ್ದು ಕಟ್ಟೆ. ನಾನು ಇವತ್ತು ಹೇಳಲಿಕ್ಕೆ ಬಂದಿದ್ದೂ ಇಷ್ಟೇ. ಸಣ್ಣ ಮನೆ ಕಟ್ಟುವವರು ಒಳಗಿನ ಜಾಗ ಹೊಂದಿಸುವುದರಲ್ಲೇ ತಲೆ ಕೆಡಿಸಿಕೊಳ್ಳುತ್ತಾರೆ, ನಾನೂ ಅದನ್ನೇ ಮಾಡಿದೆ. ನೆರಳು, ನೀರು, ಬಚ್ಚಲು, ದಾರಿ ಇವನ್ನು ಮೊದಲು ಹೊಂದಿಸಬೇಕು. ನಾನು ಕೆಟ್ಟದ್ದೆಲ್ಲ ಅಲ್ಲೇ.

ಮೊದಲು ಜಾಗ. ನಮ್ಮ ಹೊಲ ಅರ್ಧ ಎರೆ (ಕಪ್ಪು ಮಣ್ಣು), ಅರ್ಧ ಮಸಾರಿ (ಕೆಂಪು ಮರಳು ಮಣ್ಣು), ಮೂಲೆಯಲ್ಲಿ ಒಂದು ದಿಬ್ಬ, ಬರೀ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು), ಅಲ್ಲಿ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ನಾನು ಎರೆ ಹೊಲದ ನಡುವೆ ಗೂಟ ಹೊಡೆದು ಬಂದಿದ್ದೆ, ಸುತ್ತ ಹಸಿರು ಕಾಣುತ್ತದೆ ಅಂತ. ನಮ್ಮ ಗೌಂಡಿ ಆ ಗೂಟ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಬಂದ. "ಅಕ್ಕಾರ, ಎರಿ ಹೊಲ ಬ್ಯಾಸಗ್ಯಾಗ ಬಾಯಿ ಬಿಡತೈತ್ರಿ, ಮಳಿಗಾಲದಾಗ ಉಬ್ಬತೈತಿ. ಅದರ ಮ್ಯಾಲ ಮನಿ ಕುಂದ್ರಿಸಿದ್ರ ವರ್ಷಾ ಕುಣೀತೈತಿ." ಪಕ್ಕದ ಹೊಲದ ಪಂಪಿನ ಮನೆ ತೋರಿಸಿದ. ಮೂಲೆಯಲ್ಲಿ ನನ್ನ ಅಂಗೈ ಹೋಗುವಷ್ಟು ಬಿರುಕು. ಎರೆ ಮಣ್ಣಿನ ಜೇಡಿ ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಗುರಾದ ಮನೆಯನ್ನು ಅದು ಇನ್ನೂ ಸಲೀಸಾಗಿ ಎತ್ತಿಬಿಡುತ್ತದೆ, ಸಣ್ಣ ಮನೆಗೆ ಸಣ್ಣ ಪಾಯಾ ಸಾಕು ಅನ್ನುವುದು ಎರೆಯಲ್ಲಿ ನಡೆಯುವುದಿಲ್ಲ. ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು, ಇಲ್ಲವೇ ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡಬೇಕು. ಎರಡಕ್ಕೂ ದುಡ್ಡು. ಕೊನೆಗೆ ಗರಸಿನ ದಿಬ್ಬದ ಮೇಲೆ ಕಟ್ಟಿದೆವು. ಬೆಳೆಯುವ ನೆಲ ಉಳಿಯಿತು, ಪಾಯಾ ಮೂರು ಅಡಿಗೆ ಮುಗಿಯಿತು.

ದಿಬ್ಬ ಅನ್ನುವುದಕ್ಕೆ ಇನ್ನೊಂದು ಕಾರಣ. 2019ರ ಆಗಸ್ಟ್ ನೆನಪಿದೆಯಲ್ಲ. ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ಗುಡಿಗಳೊಳಗೆ ನೀರು ನಿಂತಿತು, ದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ಸಾಲಾಗಿ ಕುಸಿದವು. ಹೊಲದಲ್ಲಿ ಜಾಗ ಹುಡುಕುವಾಗ ಬೇಸಿಗೆಯಲ್ಲಿ ಹೋಗಬೇಡಿ. ಬೇಸಿಗೆಯಲ್ಲಿ ಹಳ್ಳ ದಾರಿಯ ಹಾಗೆ ಕಾಣುತ್ತದೆ. ದೊಡ್ಡ ಮಳೆ ಆದ ಮರುದಿನ ಹೋಗಿ, ನೀರು ಎಲ್ಲಿ ನಿಂತಿದೆ, ನಿಮ್ಮ ಗಾಡಿ ಎಲ್ಲಿ ಸಿಕ್ಕಿಬಿತ್ತು, ಎರಡೂ ಗೊತ್ತಾಗುತ್ತವೆ.

ಕಾಗದದ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಇದರಲ್ಲಿ ನಿಮ್ಮ ಊರಿನ ವಕೀಲರೇ ನನಗಿಂತ ಚಲೋ ಹೇಳುತ್ತಾರೆ. ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ರೈತ ತನ್ನ ಹೊಲದಲ್ಲಿ ಸ್ವಂತ ಬಳಕೆಗೆ ತೋಟದ ಮನೆ ಕಟ್ಟಿಕೊಳ್ಳಬಹುದು. ಹಿಡುವಳಿಯ ನೂರಕ್ಕೆ ಹತ್ತು ಭಾಗ ದಾಟಬಾರದು, ವ್ಯಾಪಾರಕ್ಕೆ ಬಾಡಿಗೆ ಕೊಡಬಾರದು. ರೆಸಾರ್ಟ್ ಅಂತ ಮನಸ್ಸಿನಲ್ಲಿ ಇದ್ದರೆ ಬಿನ್‌ಶೇತಕಿ, ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಾಯಿಸುವುದು, ಮಾಡಿಸಲೇಬೇಕು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು, ಅದಕ್ಕೇ ಈಗ ಬೆಂಗಳೂರಿನವರೆಲ್ಲ ಬಾದಾಮಿ ಸುತ್ತ ವಿಚಾರಿಸುತ್ತಿದ್ದಾರೆ. ಕೊಳ್ಳುವುದಾದರೆ ಉತಾರ (ಪಹಣಿ) ನೋಡಿ, ಋಣಭಾರ ನೋಡಿ, ಎಲ್ಲಕ್ಕಿಂತ ಮೊದಲು ಗ್ರಾಮ ನಕಾಶೆಯಲ್ಲಿ ನಿಮ್ಮ ಹೊಲಕ್ಕೆ ಬಂಡಿದಾರಿ ಇದೆಯೇ ನೋಡಿ. "ಅಜ್ಜನ ಕಾಲದಿಂದ ಇಲ್ಲೇ ಹಾಯತೀವ್ರಿ" ಅನ್ನುವ ದಾರಿ, ಆ ಹೊಲ ಕೈ ಬದಲಾದ ದಿನ ಮುಚ್ಚುತ್ತದೆ. ಮತ್ತೆ, ಬಿನ್‌ಶೇತಕಿ ಆಗದ ಹೊಲದ ಮೇಲೆ ಮನೆ ಸಾಲ ಸಿಗುವುದು ಕಷ್ಟ. ನಾವು ನಿವೃತ್ತಿಯ ಹಣದಲ್ಲಿ ಕಟ್ಟಿದೆವು.

ಈಗ ನನ್ನ ದೊಡ್ಡ ತಪ್ಪು. ಗಣಿತದ ಟೀಚರ್ ಮಾಡಿದ ತಪ್ಪು, ನನ್ನ ಹಳೆ ವಿದ್ಯಾರ್ಥಿಗಳು ಇಲ್ಲಿದ್ದರೆ ಖುಷಿ ಪಡಿ. ಗ್ರಾಫ್ ಹಾಳೆ ಮೇಲೆ 12, 20 ಅಂತ ಚೌಕ ಬರೆದು ಅದರೊಳಗೆ ಮಂಚ, ಕಪಾಟು, ಒಲೆ ಕಟ್ಟೆ ಎಲ್ಲ ಕೂಡಿಸಿದ್ದೆ. ಗೋಡೆಗೆ ಒಂದು ಪೆನ್ಸಿಲ್ ಗೆರೆ. ಗೌಂಡಿ ಆ ಚೌಕವನ್ನು ಹೊರಗಿನ ಮಾಪು ಅಂತ ತಿಳಿದು ಸುಣ್ಣದ ಗೆರೆ ಎಳೆದ. ಗೋಡೆ ಕಲ್ಲಿನದು, 15 ಇಂಚು. ಮೊಣಕಾಲೆತ್ತರ ಬಂದಾಗ ಒಳಗೆ ನಿಂತು ಟೇಪು ಹಿಡಿದೆ. ಒಂಬತ್ತೂವರೆ ಅಡಿ, ಹದಿನೇಳೂವರೆ ಅಡಿ. ಅಂದರೆ 166 ಚದರಡಿ. 240ರಲ್ಲಿ 74 ಚದರಡಿ ಗೋಡೆಯೇ ತಿಂದಿದೆ! ಅದೇ 9 ಇಂಚಿನ ಇಟ್ಟಿಗೆ ಆಗಿದ್ದರೆ 194 ಉಳಿಯುತ್ತಿತ್ತು. ನಡುವಿನ ವ್ಯತ್ಯಾಸ 28 ಚದರಡಿ, ಒಂದು ಮಂಚ ಹಾಕಿ ಅದರ ಪಕ್ಕ ನಡೆದಾಡುವಷ್ಟು ಜಾಗ. 1,500 ಚದರಡಿ ಮನೆಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ, ಸಣ್ಣ ಮನೆಯಲ್ಲಿ ಗೋಡೆಯೇ ಒಂದು ಖೋಲಿ.

ಕಿತ್ತು ಹಾಕಿಸಲೇ ಅಂದೆ. ಗೌಂಡಿ ತಲೆ ಕೆರೆದುಕೊಂಡು, "ಗ್ವಾಡಿ ದಪ್ಪ ಐತಲ್ರಿ, ಮಾಡ ಬಿಡೋಣು" ಅಂದ. ಹಳೆ ಮನೆಗಳಲ್ಲಿ ದೀಪ ಇಡುವ ಮಾಡ ನೋಡಿದ್ದೀರಲ್ಲ, ಅದೇ. ಹೀಗೆ ಹನ್ನೊಂದು ಮಾಡ ಬಂದವು, ಎಂಟೆಂಟು ಇಂಚು ಆಳ. ಡಬ್ಬಿ, ಪುಸ್ತಕ, ದೇವರು, ನಮ್ಮ ಮನೆಯವರ ರೇಡಿಯೋ, ಔಷಧಿ ಎಲ್ಲ ಗೋಡೆಯೊಳಗೆ ಹೋದವು. ನೆಲದ ಮೇಲೆ ಕಪಾಟೇ ಇಲ್ಲ. ಕಳೆದ ಜಾಗ ಪೂರ್ತಿ ವಾಪಸ್ ಬರಲಿಲ್ಲ, ಆದರೆ ಅರ್ಧ ಬಂತು ಅನ್ನಬಹುದು.

ಕಲ್ಲು ಯಾಕೆ ಅಂತ ಕೇಳಬಹುದು. ಲಾರಿ ಬೇಕರ್ ಹೆಸರು ಕೇಳಿರಬಹುದು, ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ಅಗ್ಗದ ಮನೆ ಕಟ್ಟಿದವರು. ಮನೆಗೆ ಬೇಕಾದ ಸಾಮಾನು ಐದು ಮೈಲಿಯೊಳಗೆ ಸಿಗಬೇಕು ಅಂತ ಗಾಂಧೀಜಿ ಹೇಳಿದ ಮಾತು ಅವರ ತಲೆಯಲ್ಲಿ ಕೂತಿತ್ತಂತೆ. ನಮ್ಮ ಐದು ಮೈಲಿಯಲ್ಲಿ ಬಾದಾಮಿ ಕೆಂಪು ಕಲ್ಲು ಇದೆ, ಗರಸು ಇದೆ, ಅದನ್ನು ಕಟ್ಟಲು ಬರುವ ಕೈ ಇದೆ. ಮಣ್ಣಿನ ಇಟ್ಟಿಗೆ ಮಾಡಬೇಕು ಅಂತಲೂ ಆಸೆ ಇತ್ತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು 1974ರಿಂದ ಇಂಥ ಕೆಲಸ ಮಾಡಿದ್ದಾರೆ, ಮರಳು ಜಾಸ್ತಿ ಇರುವ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಮಷೀನಿನಲ್ಲಿ ಒತ್ತುವುದು. ನಮ್ಮ ಮಸಾರಿಗೆ ಆಗುತ್ತಿತ್ತು, ಎರೆಗೆ ಆಗುವುದಿಲ್ಲ. ಆದರೆ ಮಷೀನು ಹತ್ತಿರ ಸಿಗಲಿಲ್ಲ, ಬಿಟ್ಟೆ.

ಮೇಲೆ ಮಾಳಿಗೆ ಮಾಡಿಸಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮೊಳ ದಪ್ಪ ಮಣ್ಣು, ಒಳಗೆ ಗುಡಿಯಲ್ಲಿ ಕೂತ ಹಾಗೆ ತಂಪು. ಆದರೆ ವರ್ಷಾ ಮಳೆಗಾಲಕ್ಕೆ ಮೊದಲು ಹತ್ತಿ ಮಣ್ಣು ಹಾಕಿ ತುಳಿಯಬೇಕು. ನನ್ನ ಮೊಣಕಾಲು ಒಪ್ಪಲಿಲ್ಲ. ಹಾಗಾಗಿ ಪತ್ರಾಸ್, ಅಂದರೆ ತಗಡು. ಮೊದಲ ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಒಳಗೆ ಕೂತರೆ ರೊಟ್ಟಿ ಹಂಚಿನ ಮೇಲೆ ಕೂತ ಹಾಗೆ. ಮರುವರ್ಷ ಮೇಲೆ ಬಿಳಿ ಬಣ್ಣ ಹೊಡೆಸಿ, ಕೆಳಗೆ ಒಂದಡಿ ಸಂದು ಬಿಟ್ಟು ಬಿದಿರಿನ ತಟ್ಟಿ ಕಟ್ಟಿಸಿ, ಎರಡೂ ತುದಿಯ ಗೋಡೆಯಲ್ಲಿ ಬಿಸಿ ಗಾಳಿ ಹೋಗಲು ಕಿಂಡಿ ಒಡೆಸಿದೆವು. ಬಹಳ ಫರಕು ಬಿತ್ತು. ಕಟ್ಟುವಾಗಲೇ ಮಾಡಿದ್ದರೆ ಅರ್ಧ ಖರ್ಚು.

ಪತ್ರಾಸಿನ ಇನ್ನೊಂದು ಕತೆ ಗಾಳಿಯದು. ನಮ್ಮ ಕಡೆ ಮೇ ತಿಂಗಳಲ್ಲಿ ಅಡ್ಡ ಮಳೆ ಬರುವಾಗ ಗಾಳಿ ಹೇಗೆ ಬೀಸುತ್ತದೆ ನಿಮಗೆ ಗೊತ್ತು. ಶೆಡ್ಡಿನ ಮೇಲೆ ಕಲ್ಲು ಹೇರುವುದು ನಮ್ಮ ರೂಢಿ. ಮುಂದಿನ ಚಪ್ಪರಕ್ಕೆ ನಾವೂ ಹಾಗೇ ಹೇರಿದೆವು. ಒಂದು ಸಂಜೆ ತಗಡು ಎದ್ದಿತು, ಅದರ ಮೇಲಿನ ಕಲ್ಲು ನಾನು ಐದು ನಿಮಿಷ ಮೊದಲು ಕೂತಿದ್ದ ಜಾಗಕ್ಕೆ ಬಿತ್ತು. ತಗಡನ್ನು ಕಲ್ಲಿನಿಂದ ಒತ್ತಬಾರದು, ಜೆ ಹುಕ್ ಹಾಕಿ ಪೈಪಿಗೆ ಬಿಗಿಯಬೇಕು, ಪೈಪನ್ನು ಗೋಡೆಯೊಳಗೆ ಹೂತ ಕಬ್ಬಿಣಕ್ಕೆ ಕಟ್ಟಬೇಕು. ಒಂದು ಮಾತ್ರ ನಮ್ಮ ಅದೃಷ್ಟಕ್ಕೆ ಸರಿಯಾಗಿತ್ತು. ಚಪ್ಪರದ ತಗಡು ಬೇರೆ, ಮನೆಯ ತಗಡು ಬೇರೆ ಇತ್ತು. ಒಂದೇ ಉದ್ದಕ್ಕೆ ಇದ್ದಿದ್ದರೆ ಚಪ್ಪರ ಹೋಗುವಾಗ ಮನೆಯ ಮೇಲಿನದನ್ನೂ ಎಳೆದುಕೊಂಡು ಹೋಗುತ್ತಿತ್ತು.

ಈಗ ಕಟ್ಟೆಗೆ ಬರುತ್ತೇನೆ, ನನಗೆ ಇಷ್ಟವಾದ ಭಾಗ. ಮನೆಯ ಮೂಡಣಕ್ಕೆ, 20 ಅಡಿ ಉದ್ದಕ್ಕೂ 8 ಅಡಿ ಅಗಲದ ಕಟ್ಟೆ, ಮೇಲೆ ಚಪ್ಪರ, ಕೆಳಗೆ ತಾಳಿಕೋಟೆ ಫರಶಿ. ಮೂಡಣಕ್ಕೇ ಯಾಕೆ? ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಮನೆಯ ನೆರಳು ಆ ಕಡೆ ಬೀಳುತ್ತದೆ. ಬಿಸಿಲು ಜಾಸ್ತಿ ಆದಷ್ಟು ನಿಮ್ಮ ಕಟ್ಟೆ ತಂಪಾಗುತ್ತಾ ಹೋಗುತ್ತದೆ. ಪಡುವಣ ಗೋಡೆಗೆ ಎತ್ತರದಲ್ಲಿ ಒಂದೇ ಸಣ್ಣ ಕಿಟಕಿ, ಆಚೆ ಬೇವು. ಇಷ್ಟು ಮಾಡಿದರೂ ದಪ್ಪ ಕಲ್ಲಿನ ಗೋಡೆ ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಒಳಗೆ ಬಿಡುತ್ತದೆ, ಅದಕ್ಕೆ ಮಾರ್ಚ್‌ನಿಂದ ಜೂನ್‌ವರೆಗೆ ನಾವು ಒಳಗೆ ಮಲಗುವುದೇ ಇಲ್ಲ. ಸೊಳ್ಳೆ ಪರದೆ ಕಟ್ಟಿ ಕಟ್ಟೆ ಮೇಲೆ.

ಒಲೆಯೂ ಅಲ್ಲೇ, ಕಟ್ಟೆಯ ಉತ್ತರದ ತುದಿಗೆ. ವಿಡಿಯೋದವರ ಅಡುಗೆಮನೆ ನೋಡಿ ನಾನು ಮೊದಲು ಒಳಗೇ ಎರಡಡಿ ಕಟ್ಟೆ ಮಾಡಿಸಿ ಗ್ಯಾಸ್ ಇಟ್ಟಿದ್ದೆ. ಚಹಾ, ಅನ್ನ, ಸಾರು ಆಗುತ್ತದೆ. ಜೋಳದ ರೊಟ್ಟಿ? ಕೊಣಮಿಗೆಯಲ್ಲಿ ಹಿಟ್ಟು ನಾದಿ, ಪಟಪಟ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಒಲೆಯ ಬಾಯಿಗೆ ಒರಗಿಸಿ ಉಬ್ಬಿಸುವುದಕ್ಕೆ ಕೈ ಆಡಿಸಲು ನಾಲ್ಕಡಿ ಜಾಗ ಬೇಕು. ಹಿಟ್ಟು ಮಂಚದವರೆಗೆ ಹಾರುತ್ತದೆ. ಎಂಟು ದಿನ ನೋಡಿದೆ, ಒಂಬತ್ತನೇ ದಿನ ಮಣ್ಣಿನ ಒಲೆ ಹಾಕಿಕೊಂಡು ಹೊರಗೆ ಕೂತೆ. ಒಳಗಿನ ಗ್ಯಾಸು ಈಗ ಮಳೆಗಾಲಕ್ಕೆ ಮಾತ್ರ.

ನೀರು. ನಮ್ಮ ಭಾಗದಲ್ಲಿ ಎಷ್ಟೋ ಬೋರುಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಹೊಲದ ಬೋರು ಮೊದಲು ಪರೀಕ್ಷೆ ಮಾಡಿಸಿ. ನಮ್ಮದು ಹೆಚ್ಚು ಬಂತು, ಹಾಗಾಗಿ ಕುಡಿಯಲು, ಅಡುಗೆಗೆ ಮಳೆ ನೀರು. ಬೋರ್ಡಿನ ಮೇಲೆ ಬರೆಯುವ ಹಾಗಿದ್ದರೆ ಬರೆಯುತ್ತಿದ್ದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನನ್ನ ತಗಡು ಗೋಡೆಯಾಚೆ ಚಾಚಿದ್ದೂ ಸೇರಿ 32 ಚದರ ಮೀಟರ್. ನಮ್ಮ ಕಡೆ ವರ್ಷಕ್ಕೆ 550 ಮಿಲಿಮೀಟರ್ ಅಂತ ಹಿಡಿಯಿರಿ. 17,600 ಲೀಟರ್. ಐದರಲ್ಲಿ ಒಂದು ಪಾಲು ಹಾಳಾಯಿತು ಅಂದರೂ 14,000. ಮಳೆ ಅರ್ಧಕ್ಕೇ ಕೈಕೊಟ್ಟರೂ 7,000. ಇಬ್ಬರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ ಹತ್ತು ಲೀಟರ್, ವರ್ಷಕ್ಕೆ 3,650. ಒಂದು 5,000 ಲೀಟರ್ ಟಾಕಿ ಸಾಕು. ಮೊದಲ ಮಳೆಯ ನೀರು ಹೊರಗೆ ಬಿಡಬೇಕು, ತಗಡಿನ ಮೇಲಿನ ಹಕ್ಕಿ ಪಿಕ್ಕೆಯೆಲ್ಲ ಅದರಲ್ಲಿರುತ್ತದೆ. ಟಾಕಿಗೆ ಬಿಸಿಲು, ಸೊಳ್ಳೆ ಹೋಗಬಾರದು. ಎರಡಂಕಣದ ಮನೆ ತನಗೆ ಬೇಕಾದ ಕುಡಿಯೋ ನೀರು ತಾನೇ ಹಿಡಿಯುತ್ತದೆ, ನನಗೆ ಈ ಲೆಕ್ಕ ಇವತ್ತಿಗೂ ಬಹಳ ಖುಷಿ.

ಸಂಡಾಸಿನ ಬಗ್ಗೆ ನಾಚಿಕೆ ಬಿಟ್ಟು ಮಾತಾಡೋಣ, ಯಾಕೆಂದರೆ ವಿಡಿಯೋದಲ್ಲಿ ಇದು ಬರುವುದೇ ಇಲ್ಲ. ಎರಡು ಗುಂಡಿಯ ಪದ್ಧತಿ ನಮ್ಮ ಕಡೆಗೆ ಚಲೋ. ಸುಮಾರು ಒಂದು ಮೀಟರ್ ಅಗಲ, ಅದಕ್ಕಿಂತ ಸ್ವಲ್ಪ ಜಾಸ್ತಿ ಆಳದ ಎರಡು ಗುಂಡಿ, ಒಳಗೆ ಸಂದು ಬಿಟ್ಟು ಕಟ್ಟಿದ ಇಟ್ಟಿಗೆ. ಒಂದು ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿದ್ದು ಎರಡು ವರ್ಷ ಬಿಟ್ಟರೆ ವಾಸನೆ ಇಲ್ಲದ ಗೊಬ್ಬರ. ನೀರೂ ಕಡಿಮೆ ಸಾಕು, ಇಳಿಜಾರು ಜಾಸ್ತಿ ಇರುವ ಹಳ್ಳಿ ಮಾದರಿ ಪ್ಯಾನಿಗೆ ಎರಡು ಲೀಟರ್ ಸಾಕಾಗುತ್ತದೆ. ನಾವು ಕೆಟ್ಟದ್ದು ಎಲ್ಲಿ ಅಂದರೆ, ಗರಸಿನಲ್ಲಿ ಅಗೆಯುವುದು ಕಷ್ಟ ಅಂತ ಕೆಲಸದವರು ಗುಂಡಿಯನ್ನು ಕೆಳಗಿನ ಎರೆಯಲ್ಲಿ ತೆಗೆದರು, ನಾನು ಸುಮ್ನೆ ಇದ್ದೆ. ಎರೆ ಒದ್ದೆಯಾದರೆ ನೀರು ಹೀರುವುದಿಲ್ಲ. ಸೆಪ್ಟೆಂಬರಿನಲ್ಲಿ ಎಲ್ಲ ವಾಪಸ್ ಬಂತು. ಅದರ ವರ್ಣನೆ ಬೇಡ. ಮತ್ತೆ ಗರಸಿನಲ್ಲಿ ಅಗೆಸಿದೆವು, ಬೋರಿನಿಂದ ಹತ್ತು ಮೀಟರಿಗಿಂತ ದೂರ. ಇನ್ನೊಂದು, ನಮ್ಮದನ್ನು ಮೊದಲು ಮನೆಯಿಂದ ಮೂವತ್ತು ಅಡಿ ದೂರ ಕಟ್ಟಿದ್ದೆವು, ರಾತ್ರಿ ಮಳೆಯಲ್ಲಿ ಬ್ಯಾಟರಿ ಹಿಡಿದು, ಹಾವು ಅಡ್ಡ ಬಂದೀತೇ ನೋಡುತ್ತಾ ಹೋಗುವುದು. ಐವತ್ತೆಂಟು ವರ್ಷದ ಹೆಂಗಸಿಗೆ ಇದು ತಪಸ್ಸು. ಈಗ ಬಚ್ಚಲು, ಸಂಡಾಸು ಎರಡೂ ಮನೆಯ ಬಡಗಣ ಗೋಡೆಗೆ ಹತ್ತಿಕೊಂಡೇ ಇವೆ, ಬಾಗಿಲು ಮಾತ್ರ ಕಟ್ಟೆಯಿಂದ.

ಕರೆಂಟು. ಪಂಪಿನ ಲೈನಿಗೆ ಕರೆಂಟು ಬರುವುದೇ ಕೆಲವು ತಾಸು, ಅದನ್ನು ನಂಬಬೇಡಿ. ಸೋಲಾರ್ ಹಾಕಿಸಿದೆವು. 30 ವ್ಯಾಟಿನ, ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಫ್ಯಾನು ಹತ್ತು ತಾಸು, 9 ವ್ಯಾಟಿನ ನಾಲ್ಕು ಬಲ್ಬು ಐದು ತಾಸು, ಮೊಬೈಲು, ರೇಡಿಯೋ, ಎಲ್ಲ ಸೇರಿ ದಿನಕ್ಕೆ ಅರ್ಧ ಯೂನಿಟ್ಟು. 150 ಎಎಚ್ ಬ್ಯಾಟರಿ ಒಂದು ಸಾಕು. ಫ್ರಿಜ್ ಬೇಕು ಅಂದರೆ ಈ ಲೆಕ್ಕ ಹರಿದುಹೋಗುತ್ತದೆ. ನಮಗೆ ಬೇಡವಾಯಿತು, ಹಾಲು ಪಕ್ಕದ ವಸ್ತಿಯಿಂದ ಎರಡು ಹೊತ್ತೂ ಬರುತ್ತದೆ.

ಸಾಮಾನಿನ ವಿಷಯದಲ್ಲಿ ನಾನು ಧೈರ್ಯವಂತೆ ಅಂದುಕೊಂಡಿದ್ದೆ. ತಾಮ್ರದ ಹಂಡೆ, ಮದುವೆಯಲ್ಲಿ ಬಂದ ಹದಿನಾಲ್ಕು ಸ್ಟೀಲ್ ಕೊಡ, ಎಲ್ಲ ತಂಗಿಗೆ ಕೊಟ್ಟೆ. ಇಳಕಲ್ ಸೀರೆಗಳು ಮಾತ್ರ ಟ್ರಂಕಿನಲ್ಲಿ ಮಂಚದ ಕೆಳಗೆ ಬಂದವು, ಅದಕ್ಕೆ ಯಾರೂ ಏನೂ ಅನ್ನಬೇಡಿ. ನಮ್ಮ ಮನೆಯವರ ಹತ್ತಿರ ಹಳೆ ವೈರು, ಸ್ಕ್ರೂ, ಅರ್ಧ ಉಳಿದ ಬಣ್ಣದ ಡಬ್ಬಿ, "ಬೇಕಾಗತೈತಿ" ಅಂತ ಇಟ್ಟ ಎಲ್ಲವೂ ಇವೆ. ಅದಕ್ಕೆ ಹಿಂದೆ ಒಂದು ಆರಡಿ ತಗಡಿನ ಗೂಡು ಕಟ್ಟಬೇಕಾಯಿತು. ಹೊಲದ ಸಲಿಕೆ, ಗುದ್ದಲಿ, ಬೀಜ, ಗೊಬ್ಬರಕ್ಕೂ ಅದೇ. ಗೂಡು ಇಲ್ಲದಿದ್ದರೆ ಇವೆಲ್ಲ ಮಂಚದ ಹತ್ತಿರ ಬಂದು ಕೂತಿರುತ್ತಿದ್ದವು. ಕಟ್ಟಿಗೆ ಒಟ್ಟು ಮಾತ್ರ ಮನೆಗೆ ಹತ್ತಿಸಬೇಡಿ, ಚೇಳಿಗೆ ಅದಕ್ಕಿಂತ ಚಂದದ ಮನೆ ಇಲ್ಲ.

ಒಂದೇ ಖೋಲಿಯಲ್ಲಿ ಇಬ್ಬರು ಹೇಗೆ ಇರುತ್ತೀರಿ ಅಂತ ಹೆಂಗಸರು ಗುಟ್ಟಾಗಿ ಕೇಳುತ್ತಾರೆ. ಅವರು ಆರಕ್ಕೆ ಎದ್ದು ಧಾರವಾಡ ಆಕಾಶವಾಣಿ ಹಚ್ಚುತ್ತಾರೆ, ನಾನು ಹೊರಗೆ ಹೋಗುತ್ತೇನೆ. ನನಗೆ ಸಿಟ್ಟು ಬಂದರೂ ಹೊರಗೆ ಹೋಗುತ್ತೇನೆ. ಅವರಿಗೆ ಬಂದರೆ ಅವರು ಬದುವಿನ ಮೇಲೆ ನಡೆಯುತ್ತಾರೆ. ಜಡಿ ಮಳೆ ಹಿಡಿದ ಮೂರು ದಿನ ಇಬ್ಬರೂ ಒಳಗೇ, ಆ ಮೂರು ದಿನ ಕಷ್ಟ, ಅದನ್ನು ಮುಚ್ಚಿಟ್ಟು ಏನು ಮಾಡಲಿ. ಮಗಳು, ಅಳಿಯ, ಎರಡು ಮಕ್ಕಳು ದಸರೆಗೆ ಬಂದರೆ ಅವರು ಒಳಗೆ, ನಾವು ಕಟ್ಟೆ ಮೇಲೆ. ಬೀಗರು ಈಗ ಬಂದರೆ ಒಳಗೆ ಹೋಗುವುದೇ ಇಲ್ಲ, ಸೀದಾ ಕಟ್ಟೆ ಮೇಲೆ ಕೂಡುತ್ತಾರೆ.

ಲೆಕ್ಕ ಕೇಳಿ ಅಂದಿದ್ದೆ. ಗೋಡೆ, ತಗಡು, ಬಾಗಿಲು, ಗಿಲಾವು ಸೇರಿ ಮನೆಗೆ ನಾಲ್ಕು ಲಕ್ಷ ಮೂವತ್ತು ಸಾವಿರ. ಕಟ್ಟೆ, ಚಪ್ಪರ, ಎರಡೆರಡು ಸಲ ತೆಗೆದ ಗುಂಡಿ, ಟಾಕಿ, ಸೋಲಾರ್, ತಂತಿ ಬೇಲಿ, ದಾರಿಗೆ ಹಾಕಿದ ಹದಿನಾಲ್ಕು ಟ್ರಿಪ್ ಗರಸು, ಇದೆಲ್ಲ ಮೂರು ಲಕ್ಷ ಅರವತ್ತು ಸಾವಿರ. ಮೊದಲು ಬರೆದ ಎಸ್ಟಿಮೇಟಿನಲ್ಲಿ ಎರಡನೆಯದಕ್ಕೆ ನಾನು ಇಟ್ಟಿದ್ದು ಅರವತ್ತು ಸಾವಿರ. ಥೋರೋ ಮೇಲೆ ನಕ್ಕಿದ್ದಕ್ಕೆ ನನಗೆ ಸರಿಯಾಗಿಯೇ ಆಯಿತು.

ಬೀಳಗಿ ಕಡೆ ಹೊಲ ಇದೆ, ಎರಡು ವರ್ಷ ಬಿಟ್ಟು ಕಟ್ಟುತ್ತೇನೆ, ಈಗ ಏನು ಮಾಡಲಿ ಅಂತ ಒಬ್ಬ ತಮ್ಮ ಆಗಲೇ ಚೀಟಿ ಕಳಿಸಿದ್ದಾನೆ. ಈಗಲೇ ಬೇವು ಹಚ್ಚು, ಮನೆ ಎಲ್ಲಿ ಬರುತ್ತದೋ ಅದರ ಪಡುವಣಕ್ಕೆ, ಹದಿನೈದು ಇಪ್ಪತ್ತು ಅಡಿ ಬಿಟ್ಟು. ನಾನು ಮನೆ ಕಟ್ಟಿದ ವರ್ಷ ಮೂರು ಹಚ್ಚಿದೆ, ಒಂದನ್ನು ಆಡು ತಿಂದಿತು, ಉಳಿದ ಎರಡರ ನೆರಳು ಗೋಡೆಗೆ ಬರಲು ಶುರುವಾಗಿದ್ದು ಹೋದ ವರ್ಷ. ಬೇವಿನ ಹಣ್ಣು ಉದುರುವುದು ಮುಂಗಾರಿನ ಹೊತ್ತಿಗೆ, ಬೀಜ ಬಹಳ ದಿನ ಇಟ್ಟರೆ ಹುಟ್ಟುವುದಿಲ್ಲ, ಆರಿಸಿದ ವಾರದಲ್ಲೇ ಊರಬೇಕು. ಅಷ್ಟು ಕಾಯಲು ಆಗದಿದ್ದರೆ ನಮ್ಮ ಹೊಲಕ್ಕೆ ಬಾ, ಎಣ್ಣೆ ಡಬ್ಬಿಯಲ್ಲಿ ಆರು ಸಸಿ ಇವೆ. ಸಸಿ ನಾನು ಕೊಡುತ್ತೇನೆ, ಆಡಿನ ಸಲುವಾಗಿ ಜಾಲಿ ಮುಳ್ಳು ನೀನೇ ಹುಡುಕಿಕೊಳ್ಳಬೇಕು.